ಎರಡು ದಿನದ ಮಟ್ಟಿಗೆ ಹಾಕಿದ ವೈರು

ಹದಿನೈದು ದಿನದ ಹಿಂದೆ ಒಬ್ಬರು ಹಳೆಯ ಕಂಪ್ಯೂಟರೊಂದನ್ನು ಆಟೋದಲ್ಲಿ ಹಾಕಿಕೊಂಡು ನಾಗಸಂದ್ರದ ನನ್ನ ಅಂಗಡಿಗೆ ಬಂದರು. ಪೀಣ್ಯದಲ್ಲಿ ಸಣ್ಣದೊಂದು ವರ್ಕ್‌ಶಾಪ್ ಅವರದು. “ಇದಕ್ಕೊಂದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕ್ಕೊಡಿ ಸಾರ್, ಸಕ್ಕತ್ ಸ್ಲೋ ಆಗ್ಬಿಟ್ಟಿದೆ” ಅಂದರು. ಪಕ್ಕದ ತಗಡು ಬಿಚ್ಚಿದೆ. ಒಳಗಿನಿಂದ ಆ ವಾಸನೆ ಬಂತು. ಕಬ್ಬಿಣ ಕಡೆಯುವಾಗ ಕಾಯದಿರಲಿ ಎಂದು ಮೆಷಿನ್ನಿನಲ್ಲಿ ಸುರಿಯುವ ಹಾಲಿನಂಥ ನೀರು, ಕೂಲೆಂಟ್ ಅನ್ನುತ್ತಾರೆ, ಅದರ ಹಬೆ ದೂಳಿಗೆ ಅಂಟಿ, ಹಳಸಿ, ಮಳೆಯ ತೇವಕ್ಕೆ ಎದ್ದ ವಾಸನೆ. ಪೀಣ್ಯದ ಯಾವ ಕಂಪ್ಯೂಟರ್ ಬಿಚ್ಚಿದರೂ ಹೆಚ್ಚುಕಡಿಮೆ ಅದೇ.

“ಕಾರ್ಡ್ ಹಾಕಬಹುದು. ಮೊದಲು ಪವರ್ ಸಪ್ಲೈ ಬದಲಾಯಿಸ್ಬೇಕು” ಅಂದೆ.

“ಎಲ್ಲಾ ಕಡೆ ಒಂದು ಕನ್ವರ್ಟರ್ ವೈರ್ ಹಾಕಿ ಕೊಡ್ತಾರಲ್ಲ ಸಾರ್?”

“ಕೊಡ್ತಾರೆ. ನಾನು ಕೊಡಲ್ಲ.”

ನನ್ನ ದನಿ ಸ್ವಲ್ಪ ಗಡುಸಾಯಿತೇನೋ. ಗಿರಾಕಿಯ ತಲೆ ಬೋಳಿಸುವವನನ್ನು ನೋಡುವ ಹಾಗೆ ನನ್ನನ್ನೊಮ್ಮೆ ನೋಡಿ, ಅವರು ಕಂಪ್ಯೂಟರ್ ಎತ್ತಿಕೊಂಡು ಹೊರಟೇಬಿಟ್ಟರು. ಆಟೋ ಹೋದ ಮೇಲೂ ವಾಸನೆ ಅಂಗಡಿಯಲ್ಲೇ ಉಳಿಯಿತು. ಇಪ್ಪತ್ತು ವರ್ಷದಿಂದ ಇದೇ ಕಸುಬು ಮಾಡುತ್ತಿದ್ದೇನೆ, ನೂರಾರು ಪೆಟ್ಟಿಗೆ ಬಿಚ್ಚಿದ್ದೇನೆ. ಆದರೂ ಆ ವಾಸನೆ ಬಂದರೆ ನನಗೆ ನೆನಪಾಗುವುದು ಒಂದೇ ಮಳೆಗಾಲ, ಒಬ್ಬನೇ ಮನುಷ್ಯ.

ಆರು ವರ್ಷದ ಹಿಂದಿನ ಮಾತು. ಆಗ ನನಗೆ ಅಂಗಡಿ ಇರಲಿಲ್ಲ. ಒಂದು ಸ್ಕೂಟರು, ಒಂದು ಬ್ಯಾಗು, ಬ್ಯಾಗಿನಲ್ಲಿ ನಾಲ್ಕು ಸ್ಕ್ರೂಡ್ರೈವರು. ಪೀಣ್ಯದ ಒಂದೇ ರಸ್ತೆಯಲ್ಲಿ ಹತ್ತು ಹನ್ನೆರಡು ವರ್ಕ್‌ಶಾಪ್‌ಗಳ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದೆ. ನಮ್ಮ ತಾತನ ಕಾಲಕ್ಕೆ ಅಲ್ಲೆಲ್ಲ ರಾಗಿ ಹೊಲ ಇತ್ತಂತೆ. ನಾನು ಕಂಡದ್ದು ತಗಡಿನ ಶೆಡ್ಡು, ಜನರೇಟರಿನ ಹೊಗೆ, ಚಪ್ಪಲಿಯ ಅಡಿಗೆ ಚುಚ್ಚಿಕೊಳ್ಳುವ ಕಬ್ಬಿಣದ ಸುರುಳಿ ಚೂರು. ಆ ರಸ್ತೆಯಲ್ಲಿ ನನಗೆ ಒಂದು ಹೆಸರಿತ್ತು. ‘ಮಂಜಣ್ಣ ಕೈ ಇಟ್ರೆ ಸತ್ತ ಕಂಪ್ಯೂಟರ್ ಎದ್ದು ಕೂರುತ್ತೆ’ ಅಂತ. ಆ ಹೆಸರನ್ನು ಹಬ್ಬಿಸಿದವರು ಗೋವಿಂದರಾಜು ಸಾರ್. ಪ್ಲಾಸ್ಟಿಕ್ ಸಾಮಾನು ಅಚ್ಚು ಹಾಕುವ ಮೋಲ್ಡ್‌ಗಳನ್ನು ಮಾಡುವ ಶೆಡ್ ಅವರದು. ಎರಡು ದೊಡ್ಡ ಮೆಷಿನ್, ಎಂಟು ಜನ ಕೆಲಸಗಾರರು. ಅವರು ಹೊಗಳಿದರೆ ಇಡೀ ರಸ್ತೆ ನಂಬುತ್ತಿತ್ತು, ತೆಗಳಿದರೂ ಅಷ್ಟೆ.

ಆ ಎಂಟು ಜನರಲ್ಲಿ ಒಬ್ಬರು ಶಿವಪುತ್ರಪ್ಪ. ಬಾಗಲಕೋಟೆ ಕಡೆಯವರು. ಕಟ್ಟಡದ ಕೆಲಸಕ್ಕೆಂದು ಬೆಂಗಳೂರಿಗೆ ಬಂದು, ಫ್ಯಾಕ್ಟರಿಯಲ್ಲಿ ಹೆಲ್ಪರ್ ಆಗಿ, ಹತ್ತು ವರ್ಷದಲ್ಲಿ ಮೆಷಿನ್ ಆಪರೇಟರ್ ಆದವರು. ಹೆಗ್ಗನಹಳ್ಳಿಯಲ್ಲಿ ಒಂದು ಬಾಡಿಗೆ ರೂಮು. ಹೆಂಡತಿ ಗಾರ್ಮೆಂಟ್ಸಿಗೆ ಹೋಗುತ್ತಿದ್ದರು. ಆಗ ಅವರಿಗೆ ನಲವತ್ತೆರಡು ಇರಬಹುದು. ದಿನಕ್ಕೆ ಹತ್ತು ಹನ್ನೆರಡು ತಾಸು ಮೆಷಿನ್ ಮುಂದೆ ನಿಂತು ನಿಂತು ಎರಡೂ ಮಂಡಿ ಊದಿಕೊಂಡಿದ್ದವು. ಕೂಲೆಂಟಿಗೆ ಬೆರಳ ಸಂದಿಯ ಚರ್ಮ ಸುಲಿದು, ಊಟಕ್ಕೆ ಕೂತಾಗ ಸಾರು ತಾಗಿದರೆ ಉರಿಯುತ್ತಿತ್ತು. ಚಮಚದಲ್ಲಿ ಉಣ್ಣುತ್ತಿದ್ದರು, ಅದಕ್ಕೆ ಉಳಿದವರು ‘ಸಾಹೇಬರು’ ಎಂದು ಗೇಲಿ ಮಾಡುತ್ತಿದ್ದರು.

ಈ ಮನುಷ್ಯ ಯಾರಿಗೂ ಹೇಳದೆ ಡಿಸೈನ್ ಕಲಿತಿದ್ದರು. ಶೆಡ್ಡಿನ ಮೂಲೆಯಲ್ಲಿ ಗಾಜು ಹಾಕಿದ ಒಂದು ಕ್ಯಾಬಿನ್, ಅದರೊಳಗೆ ಒಂದು ಹಳೆಯ ಕಂಪ್ಯೂಟರ್. ಊಟದ ಹೊತ್ತಿನಲ್ಲಿ, ಭಾನುವಾರಗಳಲ್ಲಿ ಅಲ್ಲಿ ಕೂತು ಮೊಬೈಲಿನಲ್ಲಿ ವಿಡಿಯೋ ನೋಡಿಕೊಂಡು ಮೋಲ್ಡ್‌ನ ಚಿತ್ರ ಬರೆಯುವುದನ್ನು ರೂಢಿ ಮಾಡಿಕೊಂಡಿದ್ದರು. ವಿಡಿಯೋ ಇಂಗ್ಲಿಷೋ ಹಿಂದಿಯೋ, ಅವರಿಗೆ ಎರಡೂ ಅಷ್ಟಕ್ಕಷ್ಟೆ. “ಮಾತು ತಿಳಿಯೂದಿಲ್ರಿ ಸರ, ಆದ್ರ ಕೈ ಏನ್ ಮಾಡತೈತಿ ಅನ್ನೂದು ಕಾಣತೈತಲ್ರಿ” ಅನ್ನುತ್ತಿದ್ದರು. ಹದಿನೈದು ವರ್ಷ ಕಬ್ಬಿಣ ಕಡೆದವರಿಗೆ ಪರದೆಯ ಮೇಲಿನ ಗೆರೆ ಯಾವ ಕಡೆ ಹೋದರೆ ಮೆಷಿನ್ನಿನ ಮೊನೆ ಮುರಿಯುತ್ತದೆ ಅನ್ನುವುದು ಯಾರೂ ಹೇಳಿಕೊಡದೆ ಗೊತ್ತಾಗುತ್ತಿತ್ತು. ಕಾಲೇಜು ಓದಿ ಬಂದವರಿಗೆ ಅದು ಗೊತ್ತಿರುವುದಿಲ್ಲ.

ಗೋವಿಂದರಾಜು ಸಾರ್ ಅಲ್ಲಿಯ ತನಕ ಡಿಸೈನ್ ಕೆಲಸವನ್ನು ಹೊರಗೆ ಕೊಡುತ್ತಿದ್ದರು. ಒಂದು ದಿನ ಶಿವಪುತ್ರಪ್ಪ ಬರೆದದ್ದನ್ನು ಪರದೆಯ ಮೇಲೆ ಒಂದೊಂದಾಗಿ ತೆರೆಸಿ ನೋಡಿದರಂತೆ. ಆಮೇಲೆ, “ಒಂದು ದೊಡ್ಡ ಆರ್ಡರ್ ಬರ್ತಾ ಇದೆ ಕಣಯ್ಯ. ಗಣೇಶನ ಹಬ್ಬದೊಳಗೆ ಅದರ ಡಿಸೈನ್ ನೀನೇ ಮಾಡಿಕೊಡು. ಮಾಡ್ಕೊಟ್ರೆ ಮೆಷಿನ್ ಬಿಟ್ಬಿಡು, ಇಲ್ಲೇ ಕೂತ್ಕೋ” ಅಂದರಂತೆ.

ಇದನ್ನು ನನಗೆ ಹೇಳುವಾಗ ಶಿವಪುತ್ರಪ್ಪ ಸಂಬಳದ ಮಾತೇ ಎತ್ತಲಿಲ್ಲ. “ಕುರ್ಚಿ ಮ್ಯಾಲ ಕುಂತು ದುಡಿಯೂದು ಹೆಂಗಿರತೈತಿ ನೋಡಬೇಕ್ರಿ ಒಮ್ಮೆ” ಅಂದರು.

ಆದರೆ ಆ ಕಂಪ್ಯೂಟರಿಗೆ ಆ ಕೆಲಸ ಎಳೆಯುವ ಶಕ್ತಿ ಇರಲಿಲ್ಲ. ಸಣ್ಣ ಚಿತ್ರವಾದರೆ ಹೇಗೋ ನಡೆಯುತ್ತಿತ್ತು. ದೊಡ್ಡ ಮೋಲ್ಡ್ ತೆರೆದು ಒಂದು ಸುತ್ತು ತಿರುಗಿಸಲು ಹೋದರೆ ಪರದೆ ಗಕ್ಕನೆ ನಿಲ್ಲುತ್ತಿತ್ತು. ಇವರು ಎದ್ದು ಹೋಗಿ ಟೀ ಕುಡಿದು ಬರುವಷ್ಟರಲ್ಲಿ ಅರ್ಧ ತಿರುಗಿರುತ್ತಿತ್ತು. ಹೊಸ ಕಂಪ್ಯೂಟರ್ ತಗೊಳ್ಳಿ ಅಂದರೆ ಯಜಮಾನರು ಒಪ್ಪಲಿಲ್ಲ. “ಇವನು ಮೊದಲು ಮಾಡಿ ತೋರಿಸ್ಲಿ, ಆಮೇಲೆ ನೋಡೋಣ. ಅಷ್ಟರ ಮಟ್ಟಿಗೆ ಏನಾದ್ರೂ ಮಾಡು ಮಂಜಣ್ಣ” ಅಂದರು. ನಾನು ಎದೆಯುಬ್ಬಿಸಿ, “ಚಿತ್ರ ತೋರಿಸೋಕೆ ಅಂತಲೇ ಇರೋ ಒಂದು ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿದ್ರೆ ಸಾಕು ಸಾರ್, ಇನ್ನೂ ಐದು ವರ್ಷ ಓಡುತ್ತೆ” ಅಂದೆ.

ಆಷಾಢದ ಒಂದು ಶನಿವಾರ ಕಾರ್ಡ್ ಹಿಡಿದು ಹೋದೆ. ಬೆಳಗ್ಗೆಯಿಂದ ಜಿಟಿಜಿಟಿ ಮಳೆ. ರಸ್ತೆಯ ಗುಂಡಿಗಳಲ್ಲಿ ನೀರಿನ ಮೇಲೆ ಎಣ್ಣೆಯ ಬಣ್ಣ ತೇಲುತ್ತಿತ್ತು. ಕಾರ್ಡನ್ನು ರೇನ್‌ಕೋಟಿನೊಳಗೆ ಎದೆಗೆ ಅವಚಿಕೊಂಡು ಸ್ಕೂಟರ್ ಓಡಿಸಿದ್ದೆ. ಪೆಟ್ಟಿಗೆ ಬಿಚ್ಚಿ ಹಾಕಲು ನೋಡಿದರೆ ಕಾರ್ಡು ಎರಡು ಇಂಚು ಹೆಚ್ಚು ಉದ್ದ. ಹಾರ್ಡ್ ಡಿಸ್ಕ್ ಕೂರಿಸುವ ತಗಡಿನ ಗೂಡಿಗೆ ಹೋಗಿ ಡಿಕ್ಕಿ ಹೊಡೆಯುತ್ತಿತ್ತು. ನನ್ನ ಮುಖ ಸಪ್ಪಗಾಯಿತು. ಶಿವಪುತ್ರಪ್ಪ ಮಾತ್ರ ಹಿಗ್ಗಿಬಿಟ್ಟರು, ಕಬ್ಬಿಣದ ಕೆಲಸ ಬಂತಲ್ಲ! ಗೂಡನ್ನು ಬಿಚ್ಚಿಸಿಕೊಂಡು ಹೋಗಿ, ಗುರುತು ಹಾಕಿ, ಗರಗಸದಲ್ಲಿ ಕೊಯ್ದು, ಕೊಯ್ದ ಅಂಚನ್ನು ಅರದಿಂದ ಉಜ್ಜಿ ತಂದರು. ಬೆರಳು ಆಡಿಸಿ ನೋಡಿದೆ, ಕಾರ್ಖಾನೆಯಿಂದಲೇ ಹಾಗೆ ಬಂದಂತಿತ್ತು.

ಕಾರ್ಡ್ ಕೂತಿತು. ಭಾರಕ್ಕೆ ಒಂದು ಮೂಲೆ ಜೋತುಬಿತ್ತು. ಇವರು ಅದನ್ನು ನೋಡಿ ತಲೆಯಾಡಿಸಿ, ಬಿದ್ದಿದ್ದ ಅಲ್ಯುಮಿನಿಯಂ ತುಂಡೊಂದನ್ನು ಮೆಷಿನ್ನಿಗೆ ಕಟ್ಟಿ ಒಂದು ಪುಟ್ಟ ಆಧಾರ ಕಡೆದು ತಂದು ಅದರ ಕೆಳಗಿಟ್ಟರು. ಕೂದಲೆಳೆಯಷ್ಟೂ ಸಂದಿರಲಿಲ್ಲ. “ಇಷ್ಟೊಂದು ಯಾಕ್ರೀ ಶಿವಪುತ್ರಪ್ಪ, ಒಂದು ರಟ್ಟು ಮಡಚಿ ಇಟ್ರೆ ಸಾಕಿತ್ತು” ಅಂದೆ. “ಮಾಡೂದು ಮಾಡಿದ ಮ್ಯಾಲ ನೆಟ್ಟಗ ಮಾಡಬೇಕಲ್ರಿ ಸರ” ಅಂದರು. ಅವರು ಅದನ್ನು ನನಗೆ ಬುದ್ಧಿ ಹೇಳಲೆಂದು ಹೇಳಿದ್ದಲ್ಲ.

ಇನ್ನು ಉಳಿದದ್ದು ಕರೆಂಟು. ಹೊಸ ಕಾರ್ಡಿಗೆ ತನ್ನದೇ ಒಂದು ಎಂಟು ಪಿನ್ನಿನ ಕರೆಂಟ್ ವೈರು ಬೇಕು. ಒಳಗಿನ ಭಾಗಗಳಿಗೆಲ್ಲ ಕರೆಂಟ್ ಹಂಚುವ ಹಳೆಯ ಪವರ್ ಸಪ್ಲೈಗೆ ಅಂಥ ವೈರೇ ಇರಲಿಲ್ಲ, ಅಷ್ಟು ಕರೆಂಟ್ ಕೊಡುವ ತಾಕತ್ತೂ ಅದಕ್ಕಿರಲಿಲ್ಲ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು. ಗೊತ್ತಿತ್ತು ಕೂಡ, ಅಂದಾಜಿನಲ್ಲಿ ಬಿಟ್ಟಿದ್ದೆ. ಸರಿಯಾದ ದಾರಿ ಎಂದರೆ ಸೋಮವಾರ ಹೊಸ ಪವರ್ ಸಪ್ಲೈ ತಂದು ಹಾಕುವುದು. ಆದರೆ ಶಿವಪುತ್ರಪ್ಪ ಅರ್ಧ ದಿನ ರಜೆ ಹಾಕಿ ಪಕ್ಕದಲ್ಲಿ ನಿಂತಿದ್ದರು. ಗೋವಿಂದರಾಜು ಸಾರ್ ಎರಡು ಸಲ ಗಾಜಿನಿಂದ ಇಣುಕಿ ಹೋಗಿದ್ದರು. ಸತ್ತದ್ದನ್ನು ಎಬ್ಬಿಸುವ ಮಂಜಣ್ಣ ‘ಸೋಮವಾರ ಬರ್ತೀನಿ’ ಅನ್ನುವುದು ಹೇಗೆ? ಬ್ಯಾಗಿನಲ್ಲಿ ಒಂದು ಕನ್ವರ್ಟರ್ ವೈರ್ ಇತ್ತು. ಅದರ ಎರಡು ಬಾಲಗಳನ್ನು ಹಳೆಯ ಪ್ಲಗ್ಗುಗಳಿಗೆ ಸಿಕ್ಕಿಸಿದರೆ ತುದಿಯಲ್ಲಿ ಎಂಟು ಪಿನ್ ಸಿಗುತ್ತದೆ. ಎರಡು ಬಾಲ ಎರಡು ಬೇರೆ ಬೇರೆ ಲೈನಿಗೆ ಹೋಗಬೇಕು, ಇಲ್ಲದಿದ್ದರೆ ಭಾರವೆಲ್ಲ ಒಂದರ ಮೇಲೇ ಬಿದ್ದು ವೈರು ಕಾಯುತ್ತದೆ. ಉದ್ದ ಸಾಲದ್ದಕ್ಕೆ ಎರಡನ್ನೂ ಒಂದೇ ಲೈನಿಗೆ ಹಾಕಿದೆ. ಸದ್ಯಕ್ಕೆ, ಎರಡು ದಿನದ ಮಟ್ಟಿಗೆ.

ಸ್ವಿಚ್ ಹಾಕಿದರೆ ಪರದೆ ಕಪ್ಪು. ಮೂರು ಸಲ ಕೀಕ್ ಎಂದು ಕೂಗಿ ಸುಮ್ಮನಾಯಿತು. ಪೆಟ್ಟಿಗೆಯೊಳಗಿನ ಹಳೆಯ ಮದರ್‌ಬೋರ್ಡಿಗೆ ಹೊಸ ಕಾರ್ಡಿನ ಗುರುತೇ ಸಿಗುತ್ತಿರಲಿಲ್ಲ. ಕಾರ್ಡ್ ತೆಗೆದು, ಬೋರ್ಡಿನೊಳಗಿನ ಮೂಲ ಪ್ರೋಗ್ರಾಮನ್ನು ಹೊಸದಾಗಿ ತುಂಬಬೇಕಾಯಿತು. ಅದು ತುಂಬುವ ಮೂರು ನಿಮಿಷದಲ್ಲಿ ಕರೆಂಟ್ ಹೋದರೆ ಬೋರ್ಡ್ ಶಾಶ್ವತವಾಗಿ ಹೋದಂತೆ. ಮಳೆಗಾಲದ ಪೀಣ್ಯದಲ್ಲಿ ಮೂರು ನಿಮಿಷ ಕರೆಂಟ್ ಹೋಗಬಾರದು ಅನ್ನುವುದು ಸಣ್ಣ ಹರಕೆಯಲ್ಲ. ಅಲ್ಲಿದ್ದ ಯುಪಿಎಸ್ ಮುದಿ. ಶಿವಪುತ್ರಪ್ಪ ಅದರ ತಲೆಯ ಮೇಲೆ ಕೈಯಿಟ್ಟು ಕೂತರು, ಜ್ವರ ಬಂದವರ ಹಣೆ ಮುಟ್ಟಿ ಕೂತ ಹಾಗೆ. ನಾನು ನಕ್ಕೆ. ಅವರು ನಗಲಿಲ್ಲ. ಪ್ರೋಗ್ರಾಂ ತುಂಬಿತು, ಕಾರ್ಡನ್ನು ಮತ್ತೆ ಹಾಕಿದೆವು, ಪರದೆ ಬೆಳಗಿತು. ದೊಡ್ಡ ಮೋಲ್ಡ್ ತೆರೆದು ಅವರೇ ಮೌಸನ್ನು ಒಂದು ಸಲ ಎಳೆದರು. ಇಡೀ ಮೋಲ್ಡ್ ಬುಗುರಿಯಂತೆ ಗಿರ್ರನೆ ತಿರುಗಿತು. ಇನ್ನೊಮ್ಮೆ ಎಳೆದರು. ಮತ್ತೊಮ್ಮೆ. ಐದು ನಿಮಿಷ ಅದೇ ಆಟ. ಕೊನೆಗೆ ನನ್ನ ಕಡೆ ತಿರುಗಿ, ಸುಲಿದ ಕೈಯಲ್ಲಿ ನನ್ನ ಕೈ ಹಿಡಿದು ಅಲ್ಲಾಡಿಸಿದರು.

ಸೋಮವಾರ ನಾನು ಹೊಸ ಪವರ್ ಸಪ್ಲೈ ತಂದೆ, ಸುಳ್ಳಲ್ಲ. ತಂದು ಮನೆಯ ಅಟ್ಟದ ಕೆಳಗೆ ಇಟ್ಟೆ. ಆ ವಾರ ಬೇರೊಬ್ಬರ ಪ್ರಿಂಟರು, ಮುಂದಿನ ವಾರ ಇನ್ನೊಬ್ಬರ ಬಿಲ್ಲಿಂಗ್ ಕಂಪ್ಯೂಟರು. ಗೋವಿಂದರಾಜು ಸಾರ್ ಶೆಡ್ಡಿನ ಮುಂದೆ ಹಾದುಹೋಗುವಾಗೆಲ್ಲ ‘ಇವತ್ತು ಹಾಕ್ಬಿಡಬೇಕು’ ಅಂದುಕೊಳ್ಳುತ್ತಿದ್ದೆ. ಒಳಗೆ ಇಣುಕಿದರೆ ಎಲ್ಲ ಸರಿಯಾಗಿ ಓಡುತ್ತಿರುತ್ತಿತ್ತು. ಓಡುತ್ತಿರುವುದನ್ನು ಯಾಕೆ ಮುಟ್ಟುವುದು ಎಂದು ಮುಂದೆ ಹೋಗುತ್ತಿದ್ದೆ. ಶಿವಪುತ್ರಪ್ಪ ಮಧ್ಯಾಹ್ನದ ತನಕ ಮೆಷಿನ್, ಆಮೇಲೆ ಕ್ಯಾಬಿನ್. ಗಾಜಿನಾಚೆ ಬೆನ್ನು ನೆಟ್ಟಗೆ ಮಾಡಿ ಕೂತಿರುತ್ತಿದ್ದರು, ಶಾಲೆಗೆ ಇನ್‌ಸ್ಪೆಕ್ಟರ್ ಬಂದಾಗ ಮಕ್ಕಳು ಕೂರುವ ಹಾಗೆ. ನನ್ನನ್ನು ಕಂಡರೆ ಕೈ ಬೀಸುತ್ತಿದ್ದರು. ಬೆರಳ ಸಂದಿಯ ಗಾಯ ಒಣಗಿ ಹೊಸ ಚರ್ಮ ಬಂದಿತ್ತು.

ಶ್ರಾವಣವೆಲ್ಲ ಮಳೆ ಹೊಡೆಯಿತು. ಗಣೇಶನ ಹಬ್ಬಕ್ಕೆ ಇನ್ನು ಹನ್ನೆರಡು ದಿನ ಇರುವಾಗ, ಒಂದು ಮಂಗಳವಾರ ಅವರ ಫೋನ್ ಬಂತು.

“ಸರ, ಕಂಪ್ಯೂಟರಿಂದ ಏನೋ ಒಂಥರಾ ವಾಸನಿ ಬರಾಕತ್ತೇತ್ರಿ. ಸುಟ್ಟಂಗ.”

ನಾನು ಇನ್ನೊಂದು ಶೆಡ್ಡಿನಲ್ಲಿ ಮೇಜಿನ ಕೆಳಗೆ ತೂರಿಕೊಂಡು ವೈರ್ ಎಳೆಯುತ್ತಿದ್ದೆ. “ದೂಳು ಕಣ್ರೀ, ಮಳೆಗಾಲ ಅಲ್ವಾ, ತೇವಕ್ಕೆ ಹಂಗೇ ಬರುತ್ತೆ. ಶನಿವಾರ ಬಂದು ನೋಡ್ತೀನಿ” ಅಂದೆ.

“ಕೆಲಸ ಎಲ್ಲಾ ಮುಗಿಯಾಕ ಬಂದೈತ್ರಿ. ಅದಕ್ಕ ಅಂಜಿಕಿ.”

“ಏನೂ ಆಗಲ್ಲ, ಮಾಡ್ತಾ ಇರಿ.”

ಫೋನ್ ಇಟ್ಟ ಮೇಲೆ ನನಗೆ ಆ ವೈರ್ ನೆನಪಾಯಿತು. ಆದರೂ ಏಳಲಿಲ್ಲ. ಅಲ್ಲಿಂದ ಅವರ ಶೆಡ್ಡು ಐದು ನಿಮಿಷದ ದಾರಿ.

ಗುರುವಾರ ಬೆಳಗ್ಗೆ ಗೋವಿಂದರಾಜು ಸಾರ್ ಫೋನ್ ಮಾಡಿ, “ಹೊಗೆ ಬಂತು ಮಂಜಣ್ಣ, ಬೇಗ ಬಾ” ಅಂದರು. ಹೋದೆ. ಕ್ಯಾಬಿನ್ನಿನ ಬಾಗಿಲಲ್ಲಿ ಯಜಮಾನರು, ಅವರ ಹಿಂದೆ ಶಿವಪುತ್ರಪ್ಪ, ಅವರ ಹಿಂದೆ ಉಳಿದವರು. ಪಕ್ಕದ ತಗಡು ಬಿಚ್ಚಿದೆ. ಕನ್ವರ್ಟರಿನ ಪ್ಲಗ್ಗು ಕರಗಿ ಕಂದು ಬಣ್ಣದ ಬೆಲ್ಲದ ಅಚ್ಚಿನಂತೆ ಆಗಿತ್ತು. ಎರಡು ತಿಂಗಳು ಕಾದು ಕಾದು ಕೊನೆಗೆ ವೈರಿಗೆ ವೈರು ಕೂಡಿ, ಮುದಿ ಪವರ್ ಸಪ್ಲೈ ಸುಟ್ಟು, ಹೋಗುವಾಗ ಹಾರ್ಡ್ ಡಿಸ್ಕನ್ನೂ ಕರೆದುಕೊಂಡು ಹೋಗಿತ್ತು. ನನಗೆ ನೋಡಿದ ಕೂಡಲೆ ಗೊತ್ತಾಯಿತು. ನನ್ನ ಬೆನ್ನು ಅವರಿಗೆ ಅಡ್ಡವಾಗಿತ್ತು. ಯಾರಿಗೂ ಕಂಡಿರಲಿಲ್ಲ.

ಅದೇ ಹೊತ್ತಿಗೆ ತಗಡಿನ ಒಳಮೈಯಲ್ಲಿ ಏಳೆಂಟು ನೀರಿನ ಹನಿ ಕಂಡವು.

ಇಲ್ಲಿ ಒಂದು ಮಾತು ಹೇಳಬೇಕು. ಪೀಣ್ಯದಲ್ಲಿ ಎಲ್ಲವನ್ನೂ ಗಾಳಿಯಿಂದಲೇ ಶುಚಿ ಮಾಡುತ್ತಾರೆ. ಪ್ರತಿ ಮೆಷಿನ್ನಿನ ಪಕ್ಕ ಒಂದು ಏರ್ ಗನ್ ನೇತಾಡುತ್ತಿರುತ್ತದೆ, ಕಂಪ್ರೆಸರಿನಿಂದ ಪೈಪಿನಲ್ಲಿ ಬರುವ ಗಾಳಿ. ಕಡೆದ ಚೂರಿಗೂ ಅದೇ, ಮೇಜಿಗೂ ಅದೇ, ಸಂಜೆ ಮನೆಗೆ ಹೊರಡುವಾಗ ಅಂಗಿ ಪ್ಯಾಂಟಿಗೂ ಅದೇ. ಕಂಪ್ಯೂಟರಿಗೂ ಹೊಡೆಯುತ್ತಾರೆ. ಮಳೆಗಾಲದಲ್ಲಿ ಕಂಪ್ರೆಸರಿನ ಟ್ಯಾಂಕಿನಲ್ಲಿ ನೀರು ಕೂಡಿಕೊಂಡು ಗಾಳಿಯ ಜೊತೆ ಬರುತ್ತದೆ. ಟ್ಯಾಂಕಿನ ಅಡಿಯ ತಿರುಪು ಬಿಚ್ಚಿ ದಿನಾ ನೀರು ಬಿಡಬೇಕು, ಯಾರೂ ಬಿಡುವುದಿಲ್ಲ. ‘ಕಂಪ್ಯೂಟರಿಗೆ ಏರ್ ಹೊಡೀಬೇಡ್ರಪ್ಪಾ’ ಎಂದು ನಾನೇ ರಸ್ತೆಯುದ್ದಕ್ಕೂ ಸಾರಿಕೊಂಡು ಬಂದಿದ್ದೆ. ಹಾಗಾಗಿ ಆ ಹನಿಗಳು ನನ್ನ ಪಾಲಿಗೆ ದೇವರು ಕೊಟ್ಟ ಹಾಗೆ ಕಂಡವು.

“ಏನಾಯ್ತು?” ಅಂದರು ಗೋವಿಂದರಾಜು ಸಾರ್.

ನಾನು ಸುಳ್ಳು ಹೇಳಲಿಲ್ಲ. ಒಂದು ಪ್ರಶ್ನೆ ಕೇಳಿದೆ, ಅಷ್ಟೆ. “ಇದಕ್ಕೆ ಏರ್ ಹೊಡೆದಿದ್ದು ಯಾರು?”

ಕುಂಬಳಕಾಯಿ ಕಳ್ಳ ಎಂದರೆ ಕಳ್ಳ ಹೆಗಲು ಮುಟ್ಟಿ ನೋಡಿಕೊಳ್ಳಬೇಕು. ಅವತ್ತು ಕದಿಯದವನು ಮುಟ್ಟಿ ನೋಡಿಕೊಂಡ.

“ನಾನ ಹೊಡದೇನ್ರಿ ಸರ” ಅಂದರು ಶಿವಪುತ್ರಪ್ಪ. “ನೀವು ದೂಳು ಅಂದ್ರಲ್ರಿ. ನಿನ್ನಿ ಸಂಜಿಗೆ ಒಂದೀಟ ಹೊಡದೆ. ನೀರ ಬರತೈತಿ ಅಂತ ತಲಿಗೆ ಹೊಳೀಲಿಲ್ರಿ.”

ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಬಹುಶಃ ನನ್ನ ಬಾಯಿ ಬಿಚ್ಚುತ್ತಿತ್ತು. ನಿಟ್ಟುಸಿರು ಬಿಟ್ಟು, “ಏನಯ್ಯ ನೀನು, ಇಷ್ಟು ವರ್ಷ ಇಲ್ಲಿದ್ದು...” ಎಂದು ಅಷ್ಟಕ್ಕೇ ನಿಲ್ಲಿಸಿದರು. ಎಲ್ಲರೂ ಚದುರಿದ ಮೇಲೆ ನಾನು ಕರಗಿದ ವೈರನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಡಿಸ್ಕನ್ನು ಎರಡು ಕಡೆ ತೋರಿಸಿದರೂ ಆಗುವುದಿಲ್ಲ ಅಂದರು. ಪೆನ್‌ಡ್ರೈವಿನಲ್ಲಿ ಇದ್ದದ್ದು ಮೊದಲ ಎರಡು ವಾರದ ಕೆಲಸ ಮಾತ್ರ. ಆರ್ಡರ್ ಕೊಟ್ಟವರು ಕಾಯುವಂತಿರಲಿಲ್ಲ. ಗೋವಿಂದರಾಜು ಸಾರ್ ಹೊರಗಿನಿಂದ ಒಬ್ಬ ಡಿಸೈನರನ್ನು ಕರೆಸಿ ಕೂರಿಸಿದರು. ನಾನು ಮಾರನೆಯ ದಿನವೇ ಮನೆಯಲ್ಲಿ ಎರಡು ತಿಂಗಳಿಂದ ಬಿದ್ದಿದ್ದ ಹೊಸ ಪವರ್ ಸಪ್ಲೈ ತಂದು ಹಾಕಿದೆ. ಕಾರ್ಡಿಗೆ ಏನೂ ಆಗಿರಲಿಲ್ಲ. ಕಂಪ್ಯೂಟರ್ ಎದ್ದು ಕೂತಿತು. “ನೋಡಿದ್ರಾ, ಮಂಜಣ್ಣನ ಕೈ!” ಅಂದರು ಯಜಮಾನರು. ಅವರ ಧಾರಾಳಕ್ಕೆ ನನಗೆ ನೆಲ ಬಿರಿದು ಒಳಗೆ ಹೋಗುವಂತಾಯಿತು, ಆದರೂ ಹಲ್ಲು ಕಿರಿದೆ.

ಆ ರಾತ್ರಿ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದವನನ್ನು ಕಂಡು ಅವ್ವ, “ಯಾಕ್ಲಾ, ಉಣ್ಣದೆ ಇಂಗೆ ಕುಂತಿದೀಯ? ಯಾರ್ ಏನಂದ್ರು?” ಅಂದಳು. ಯಾರೂ ಏನೂ ಅನ್ನಲಿಲ್ಲ ಅವ್ವ ಅಂದೆ. ಅದೇ ನಿಜವಾಗಿತ್ತು, ಅದೇ ನೋವಾಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಆಡದೆ ಇಟ್ಟುಕೊಂಡ ಮಾತಿಗೆ ಏನಾಗುತ್ತದೆ ಅಂತ ಗಾದೆ ಕಟ್ಟಿದವರು ಯಾಕೆ ಹೇಳಲಿಲ್ಲವೋ.

ಶಿವಪುತ್ರಪ್ಪ ಮತ್ತೆ ಮೆಷಿನ್ನಿಗೆ ನಿಂತರು. ನನ್ನನ್ನು ಕಂಡರೆ ತಾವೇ ಬಂದು ಮಾತಾಡಿಸುತ್ತಿದ್ದರು. ಒಂದು ದಿನ ಹತ್ತಿರ ಬಂದು, “ನೀವು ಮಳ್ಯಾಗ ಬಂದು ಅಷ್ಟ ಕಷ್ಟಪಟ್ಟು ಹಾಕಿದ್ರಿ ಸರ, ನಾ ಹಾಳ ಮಾಡಿದೆ. ಮನಸಿನ್ಯಾಗ ಇಟ್ಕೋಬ್ಯಾಡ್ರಿ” ಅಂದರು. ನಾನು “ಛೆ, ಬಿಡ್ರೀ” ಅಂದೆ! ಕ್ಷಮಿಸಿದವನ ಹಾಗೆ. ಈಗಲೂ ಆ ಎರಡು ಮಾತು ನೆನಪಾದರೆ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ. ಕಂಪ್ಯೂಟರಿನ ತಲೆಯ ಮೇಲೆ ಒಂದು ಕಾಗದ ಅಂಟಿಸಿದ್ದರು, ‘ಇದಕ್ಕೆ ಗಾಳಿ ಹೊಡಿಯಬಾರದು’ ಎಂದು, ತಮ್ಮ ಗುಂಡು ಅಕ್ಷರದಲ್ಲಿ. ಪ್ರತಿ ಸಲ ಆ ಕ್ಯಾಬಿನ್ನಿಗೆ ಹೋದಾಗ ಅದನ್ನು ಓದಬೇಕಾಗಿತ್ತು. ಹೇಳಬೇಕು ಅಂದುಕೊಂಡು ಹೋಗುತ್ತಿದ್ದೆ. ಹೇಳಿದರೆ ಯಜಮಾನರಿಗೆ ಗೊತ್ತಾಗುತ್ತದೆ, ಅವರಿಗೆ ಗೊತ್ತಾದರೆ ರಸ್ತೆಗೇ ಗೊತ್ತಾಗುತ್ತದೆ. ಹೊಟ್ಟೆಪಾಡು ಅನ್ನುತ್ತಿದ್ದೆ ನನಗೆ ನಾನೇ. ನಿಜ ಹೇಳಬೇಕೆಂದರೆ ಹೊಟ್ಟೆಗಿಂತ ಹೆಚ್ಚು ಹೆಸರಿನ ಆಸೆ. ದೀಪಾವಳಿ ಕಳೆದ ಮೇಲೆ ಒಂದು ದಿನ ಹೋದರೆ ಶಿವಪುತ್ರಪ್ಪ ಇರಲಿಲ್ಲ, ಬೇರೆ ಫ್ಯಾಕ್ಟರಿಗೆ ಸೇರಿದರು ಅಂದರು. ನನಗೆ ಹಗುರಾಯಿತು. ಹಗುರಾಯಿತಲ್ಲ ಎಂದು ನಾಚಿಕೆಯೂ ಆಯಿತು. ಅದರ ಮುಂದಿನ ವರ್ಷ ನಾಗಸಂದ್ರದಲ್ಲಿ ಅಂಗಡಿ ಹಾಕಿದೆ. ಪೀಣ್ಯದ ಕೆಲಸವನ್ನೆಲ್ಲ ಇನ್ನೊಬ್ಬರಿಗೆ ಬಿಟ್ಟುಕೊಟ್ಟೆ.

ಹದಿನೈದು ದಿನದ ಹಿಂದೆ ಆ ಗಿರಾಕಿಯ ಆಟೋ ಹೋದ ಮೇಲೆ ನನಗೆ ಕೂರಲಾಗಲಿಲ್ಲ. ಗಿರಾಕಿಗೆ ದೊಡ್ಡ ಸತ್ಯವಂತನ ಹಾಗೆ ‘ನಾನು ಕೊಡಲ್ಲ’ ಅಂದಿದ್ದೆನಲ್ಲ, ಅದು ಕುಟುಕತೊಡಗಿತು. ಎರಡು ದಿನ ಅವರಿವರಿಗೆ ಫೋನ್ ಮಾಡಿ ಶಿವಪುತ್ರಪ್ಪ ಎಲ್ಲಿದ್ದಾರೆಂದು ಪತ್ತೆ ಮಾಡಿದೆ. ಪೀಣ್ಯದಲ್ಲೇ, ಮೂರು ರಸ್ತೆಯಾಚೆಯ ದೊಡ್ಡ ಫ್ಯಾಕ್ಟರಿಯೊಂದರಲ್ಲಿ ಇದ್ದರು. ಮಧ್ಯಾಹ್ನದ ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನೆದುರಿನ ಟೀ ಗಾಡಿಯ ಬಳಿ ನಿಂತೆ. ಬಂದರು. ಕೂದಲು ನರೆತಿತ್ತು, ಒಂದು ಕಾಲು ಎಳೆದು ಹಾಕುತ್ತಿದ್ದರು. ನನ್ನನ್ನು ಕಂಡು ಮುಖ ಅರಳಿತು.

“ಮಂಜಣ್ಣಾ ಸರ! ಎಷ್ಟ ದಿನಾ ಆತ್ರಿ!”

ಟೀ ತಗೊಂಡೆವು. ಮನೆಯವರ ಕ್ಷೇಮ, ಊರಿನ ಮಳೆ, ಮಂಡಿಯ ನೋವು ಎಲ್ಲ ಆಯಿತು. ಇನ್ನು ತಡ ಮಾಡಿದರೆ ಮತ್ತೆ ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಲೋಟ ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ವೈರಿನ ವಿಷಯ, ಮನೆಯಲ್ಲೇ ಬಿದ್ದಿದ್ದ ಪವರ್ ಸಪ್ಲೈ, ಜೇಬಿಗೆ ಹಾಕಿಕೊಂಡ ಕರಗಿದ ಪ್ಲಗ್ಗು. “ನಿಮ್ಮ ಏರಿನಿಂದ ಸುಟ್ಟಿದ್ದಲ್ಲ ಶಿವಪುತ್ರಪ್ಪ. ನನ್ನಿಂದ. ನನಗೆ ಅವತ್ತೇ ಗೊತ್ತಿತ್ತು.”

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿ ಎಂದೇ ಬಂದಿದ್ದೆ, ಬೈಸಿಕೊಂಡು ಹಗುರಾಗಿ ಮನೆಗೆ ಹೋಗುವ ಆಸೆ. ಅವರು ಕಸುಬುದಾರ, ಮೊದಲು ಕಸುಬಿನ ಮಾತೇ ಕೇಳಿದರು.

“ಎರಡೂ ಬಾಲ ಒಂದ ಲೈನಿಗೆ ಹಾಕಿದ್ರೇನ್ರಿ?”

“ಹೌದು.”

“ಅಂದ್ರ ನೀರಿನಿಂದ ಅಲ್ಲ.”

“ಅಲ್ಲ. ನೀರು ಒಂದು ಹನಿಯೂ ಬೋರ್ಡಿಗೆ ತಾಗಿರಲಿಲ್ಲ.”

ಅವರು ಲೋಟದಲ್ಲಿ ಉಳಿದಿದ್ದ ಟೀಯನ್ನು ಮೆಲ್ಲಗೆ ಕುಡಿದರು. ಟೀ ಗಾಡಿಯವನು ಸ್ಟವ್‌ಗೆ ಪಂಪು ಹೊಡೆಯುತ್ತಿದ್ದ. ಗೇಟಿನಿಂದ ಜನ ಗುಂಪು ಗುಂಪಾಗಿ ಬಸ್ಸಿನ ಕಡೆ ಹೋಗುತ್ತಿದ್ದರು. ಶಿವಪುತ್ರಪ್ಪನವರ ಕೈ ನೋಡಿದೆ. ಬೆರಳ ಸಂದಿಯೆಲ್ಲ ಮತ್ತೆ ಸುಲಿದು ಕೆಂಪಾಗಿತ್ತು.

“ಇಲ್ಲಿ ನಮ್ಮ ಮ್ಯಾನೇಜರ್ ಭಾಳ ಚಲೋ ಮನಷ್ಯಾ ರಿ” ಅಂದರು ಕೊನೆಗೆ, ನನ್ನನ್ನು ನೋಡದೆ. “ಯಾರೋ ಹೇಳ್ಯಾರ ಅವ್ರಿಗೆ, ಇಂವಗ ಡಿಸೈನ್ ಬರತೈತಿ ಅಂತ. ಕರದು, ‘ಶಿವಪುತ್ರಪ್ಪ, ಮಂಡಿ ನೋವು ಅಂತೀರಿ, ಡಿಸೈನ್ ಸೆಕ್ಷನ್ನಿಗೆ ಬಂದು ಕುಂದರ್ರಿ’ ಅಂದ್ರು. ನಾ ಒಲ್ಲೆ ಅಂದೆ. ಬ್ಯಾಡ್ರಿ, ನನ್ನ ಕೈಯಾಗ ಒಂದು ಕಂಪ್ಯೂಟರ್ ಸುಟ್ಟೈತ್ರಿ, ಮಂದಿ ಕೆಲಸ ಹಾಳ ಆಗೇತ್ರಿ, ನನಗ ಅದು ತಕ್ಕದ್ದಲ್ಲ ಅಂದೆ. ಮೂರ ಸಲ ಕೇಳಿದ್ರು. ಆಮ್ಯಾಲ ಬ್ಯಾರೆಯವ್ರನ್ನ ತಗೊಂಡ್ರು.”

“ಯಾವಾಗ?” ಅಂದೆ.

ಅವರು ಖಾಲಿ ಲೋಟವನ್ನು ಗಾಡಿಯ ಮೇಲಿಟ್ಟು, ನೋಯುವ ಕಾಲಿನ ಮೇಲೆ ಭಾರ ಬಿಡದೆ ನಿಂತರು. ಸಿಟ್ಟಿನಿಂದ ಹೇಳಲಿಲ್ಲ. ಬಸ್ಸು ತಪ್ಪಿಸಿಕೊಂಡವರಿಗೆ ಹೇಳುವಷ್ಟು ಮೆತ್ತಗೆ ಹೇಳಿದರು.

“ಹೋದ ತಿಂಗಳ ಬರಬೇಕಿತ್ರಿ ಸರ ನೀವು.”